ಮಾಟುಂಗಾದ ಎಣ್ಣೆ ಅಂಗಡಿಯಲ್ಲಿ ಉಕ್ರೇನ್ ಮತ್ತು ಗದಗ

ಮುಂಬೈಯ ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದಾಗ ಹತ್ತಿರದ ಓಣಿಯಲ್ಲಿ ಈ ಅಂಗಡಿ ಕಣ್ಣಿಗೆ ಬಿತ್ತು. ಆರು ತಿಂಗಳಿಂದ ನಮ್ಮ ಮನೆಗೆ ಇಲ್ಲಿಂದಲೇ ಎಣ್ಣೆ.

ಮೇಲಿನ ಹಲಗೆಯಲ್ಲಿ ರಿಫೈಂಡ್ ಸೂರ್ಯಕಾಂತಿ ಪ್ಯಾಕೆಟ್‌ಗಳು. ಮುಂದೆ ಕೈಬರಹದ ಚೀಟಿ: ಉಕ್ರೇನ್. ಕೆಳಗೆ ಗಾಣದ ಎಣ್ಣೆಯ ಬಾಟಲಿಗಳು, ಚೀಟಿಯಲ್ಲಿ ಗದಗ. ಎಣ್ಣೆ ಯಾವ ಊರಿಂದ ಬಂತು ಅಂತ ಹೀಗೆ ಬರೆದಿಡುವ ಅಂಗಡಿಯನ್ನು ಮುಂಬೈಯಲ್ಲಿ ನಾನು ಬೇರೆಲ್ಲೂ ನೋಡಿಲ್ಲ.

"ಅಕ್ಕಾರ, ಅಂಗೈ ಹಿಡೀರಿ" ಅಂದರು ಅಂಗಡಿಯ ಕಾಕಾ. ಗಾಣದ ಎಣ್ಣೆ ಎರಡು ಹನಿ ಬಿಟ್ಟರು. ಉಜ್ಜಿ ಮೂಸಿದೆ. ಗದಗ ಜಿಲ್ಲೆಯ ರೋಣದಲ್ಲಿ ಅಪ್ಪ ಸೂರ್ಯಪಾನದ (ನಮ್ಮ ಕಡೆ ಸೂರ್ಯಕಾಂತಿಗೆ ಹೀಗೇ ಅನ್ನುವುದು) ತೆನೆ ಬಡಿಯುವಾಗ ಕಣದ ತುಂಬ ಬರುತ್ತಿದ್ದ ಅದೇ ವಾಸನೆ! ಒಗ್ಗರಣೆಗೆ, ಚಟ್ನಿಪುಡಿಗೆ ಇದಕ್ಕಿಂತ ಒಳ್ಳೆಯದು ಬೇಡ. ಪೂರಿ ಕರಿಯಲು ಮಾತ್ರ ರಿಫೈಂಡೇ ಸರಿ.

ಅಪ್ಪ ಈಗ ಸೂರ್ಯಪಾನ ಬಿತ್ತುವುದಿಲ್ಲ, ಕಡಲೆ ಹಾಕುತ್ತಾರೆ. ಅಷ್ಟು ದೂರದ ಉಕ್ರೇನ್ ಎಣ್ಣೆ ಇಲ್ಲಿ ಹೇಗೆ ಅಗ್ಗ ಅಂತ ಆ ಚೀಟಿ ನೋಡಿದ ಮೇಲೆ ಹುಡುಕಿ ಓದಿದೆ. ಸೋವಿಯತ್ ಕಾಲದಲ್ಲಿ ಅಲ್ಲಿ ಸಾಮೂಹಿಕ ಬೇಸಾಯ. ಆಮೇಲೆ ಹಳ್ಳಿಯವರಿಗೆ ಹೊಲದ ಪಾಲು ಸಿಕ್ಕಿತು. ಆದರೆ 2001ರಿಂದ 2021ರ ಜುಲೈವರೆಗೆ ಅದನ್ನು ಮಾರುವ ಹಾಗಿರಲಿಲ್ಲ. ತುಂಬಾ ಜನ ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. 1999ರಲ್ಲಿ ಅಲ್ಲಿಯ ಸರ್ಕಾರ ಸೂರ್ಯಕಾಂತಿ ಬೀಜದ ರಫ್ತಿಗೆ ಶೇ 23 ಸುಂಕ ಹಾಕಿತು. ಬೀಜ ಹೊರಗೆ ಹೋಗುವುದು ಕಡಿಮೆಯಾಯಿತು. ರೈತನಿಗೆ ಸಿಗುವ ಬೆಲೆ ತಗ್ಗಿತು, ಎಣ್ಣೆ ಮಿಲ್ಲುಗಳಿಗೆ ಬೀಜ ಅಗ್ಗವಾಯಿತು. ಮಿಲ್ಲುಗಳು ಬೆಳೆದವು, ಎಣ್ಣೆ ಹಡಗು ಹತ್ತಿತು. ಅಲ್ಲಿಯ ರೈತ ಕಳೆದುಕೊಂಡದ್ದೂ ಈ ಪ್ಯಾಕೆಟ್‌ನಲ್ಲಿ ಸೇರಿದೆ, ಅಲ್ವಾ?

ನಮ್ಮಲ್ಲೂ ಅಷ್ಟೇ. 2025ರ ಮೇ ಕೊನೆಗೆ ಕಚ್ಚಾ ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕ ಶೇ 20ರಿಂದ 10ಕ್ಕೆ ಇಳಿಯಿತು. ನನ್ನ ಅಡುಗೆಮನೆಗೆ ಹಗುರ, ರೋಣದ ಹೊಲಕ್ಕೆ ಭಾರ. ಅದಕ್ಕೇ ಗಾಣದ ಎಣ್ಣೆಗೆ ದುಡ್ಡು ಜಾಸ್ತಿಯಾದರೂ ನಾನು ಚೌಕಾಸಿ ಮಾಡುವುದಿಲ್ಲ.

ಒಂದು ದೂರು ಇದೆ. ಬಾಟಲಿಯ ಮುಚ್ಚಳ ಸಡಿಲ. ಲೋಕಲ್ ರೈಲಿನಲ್ಲಿ ನನ್ನ ಚೀಲ, ಪಕ್ಕದವರ ಸೀರೆ ಎರಡೂ ಎಣ್ಣೆಯಾದವು. ಹೇಳಿದ್ದಕ್ಕೆ ಕಾಕಾ ಬೇರೆ ಬಾಟಲಿ ಕೊಟ್ಟರು, ಮುಚ್ಚಳ ಮಾತ್ರ ಇನ್ನೂ ಅದೇ. ಹೋಗುವವರು ಒಂದು ಸ್ಟೀಲ್ ಡಬ್ಬ ಒಯ್ಯಿರಿ, ಬಾಟಲಿಯನ್ನು ಅದರೊಳಗೆ ನಿಲ್ಲಿಸಿಕೊಂಡು ಬರಬಹುದು.