ಇಡೀ ಕುಟುಂಬದೊಂದಿಗೆ ಕ್ರೂಸ್ ಹಡಗು ಹತ್ತುವ ಮುನ್ನ ತಿಳಿದಿರಬೇಕಾದದ್ದು

ಅಜ್ಜ-ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಬಹುದು, ದಿನಕ್ಕೊಂದು ಊರಿನಲ್ಲಿ ಸಾಮಾನು ಕಟ್ಟಿ ಬಿಚ್ಚುವ ತಾಪತ್ರಯವಿಲ್ಲ ಎಂಬ ಕಾರಣಕ್ಕೆ ಈಚೆಗೆ ಬಹಳ ಜನ ಕ್ರೂಸ್ ಯಾನವನ್ನು ಆರಿಸಿಕೊಳ್ಳುತ್ತಿದ್ದಾರೆ. ನಾವು ಆರಿಸಿಕೊಂಡದ್ದೂ ಅದಕ್ಕೇ. ಹಡಗಿನ ಬಗ್ಗೆ ನನಗೆ ದೂರಿಲ್ಲ, ಅದರ ಸಿಬ್ಬಂದಿಯೂ ಸೌಜನ್ಯದಿಂದಲೇ ನಡೆದುಕೊಂಡರು. ಆದರೂ ಯಾನ ಮುಗಿಸಿ ಇಳಿಯುವ ಹೊತ್ತಿಗೆ ಅತ್ತೆ-ಮಾವ ಬಳಲಿ ಹೋಗಿದ್ದರು, ಅಕ್ಕ ಮತ್ತು ಭಾವ ಮುನಿಸಿಕೊಂಡಿದ್ದರು, ಕೊನೆಯ ರಾತ್ರಿ ಕೈಗೆ ಬಂದ ಬಿಲ್ಲನ್ನು ಯಾರು ಎಷ್ಟು ತುಂಬಬೇಕೆಂಬ ಚರ್ಚೆ ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಇವೆಲ್ಲಕ್ಕೂ ಮೂಲ ಒಂದೇ ಸಂಗತಿಯೆಂದು ನನಗೆ ಅನ್ನಿಸುತ್ತದೆ. ಹಡಗಿನ ಕಂಪ್ಯೂಟರಿಗೆ ಬುಕಿಂಗ್ ಸಂಖ್ಯೆ ಗೊತ್ತು, ಕ್ಯಾಬಿನ್ ಸಂಖ್ಯೆ ಗೊತ್ತು. ಈ ಕ್ಯಾಬಿನ್ನಿನ ಮುದುಕರು ಆ ಕ್ಯಾಬಿನ್ನಿನ ಮಗುವಿಗೆ ಅಜ್ಜ-ಅಜ್ಜಿ ಎಂಬುದು ಗೊತ್ತಿಲ್ಲ. ಮೂರು ತಲೆಮಾರಿನ ಜನ ಹಲವು ಬುಕಿಂಗ್‌ಗಳಲ್ಲಿ ಹೊರಟಾಗ ಇದರಿಂದ ಏನೇನಾಗಬಹುದೆಂಬುದನ್ನು, ಹಣ ಕಟ್ಟುವ ಮೊದಲೇ ಓದುವವರಿಗೆ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಕ್ಯಾಬಿನ್‌ಗಳ ವಿಷಯದಲ್ಲಿ. ನಮ್ಮ ಏಜೆಂಟರು ದರ ಕಡಿಮೆಯಾಗುತ್ತದೆಂದು ಎಲ್ಲರಿಗೂ ‘ಗ್ಯಾರಂಟಿ’ ದರ್ಜೆಯಲ್ಲಿ ಬುಕ್ ಮಾಡಿಸಿದರು. ಈ ದರ್ಜೆಯಲ್ಲಿ ನಮಗೆ ಖಚಿತವಾಗಿ ಸಿಗುವುದು ಕ್ಯಾಬಿನ್ನಿನ ಮಾದರಿ ಮಾತ್ರ; ಅದು ಯಾವ ಡೆಕ್ಕಿನಲ್ಲಿ, ಹಡಗಿನ ಯಾವ ತುದಿಯಲ್ಲಿ ಎಂಬುದನ್ನು ಕಂಪನಿಯೇ ಹೊರಡುವ ದಿನ ಹತ್ತಿರವಾದಾಗ ನಿರ್ಧರಿಸುತ್ತದೆ, ಒಮ್ಮೆ ಕೊಟ್ಟ ಮೇಲೆ ಬದಲಾಯಿಸುವುದು ಬಹುತೇಕ ಅಸಾಧ್ಯ. ಕ್ಯಾಬಿನ್‌ಗಳು ಹತ್ತಿರ ಹತ್ತಿರ ಇರುತ್ತವೆಯೇ ಎಂದು ಕೇಳಿದಾಗ ಏಜೆಂಟರು, “ಒಂದೇ ಹಡಗು ತಾನೇ ಸಾರ್, ಎಲ್ಲಿದ್ದರೂ ಒಟ್ಟಿಗೇ ಇದ್ದ ಹಾಗೆ” ಎಂದರು. ದೊಡ್ಡ ಕ್ರೂಸ್ ಹಡಗುಗಳು 300 ಮೀಟರಿಗಿಂತ ಉದ್ದ ಇರುತ್ತವೆ. ಮಂಡಿ ನೋವಿನ ಮಾವನವರಿಗೆ ಸಿಕ್ಕದ್ದು ಮುಂದಿನ ಮೂತಿಯ ಬಳಿಯ ಕಿಟಕಿಯಿಲ್ಲದ ಕ್ಯಾಬಿನ್, ನಮಗೆ ಸಿಕ್ಕದ್ದು ಹಿಂದಿನ ತುದಿಯಲ್ಲಿ, ಅದೂ ಕೆಲವು ಡೆಕ್ ಮೇಲೆ. ಊಟದ ಹೊತ್ತಿನಲ್ಲಿ ಲಿಫ್ಟುಗಳು ಪ್ರತಿ ಮಹಡಿಯಲ್ಲೂ ತುಂಬಿಯೇ ಬರುತ್ತಿದ್ದುದರಿಂದ, ಒಂದು ಕಪ್ ಬಿಸಿನೀರು ತಲುಪಿಸಿ ಬರುವುದೂ ಒಂದು ಪ್ರಯಾಣವೇ ಆಗುತ್ತಿತ್ತು.

ಇದು ಬರೀ ನಡಿಗೆಯ ಕಷ್ಟವಲ್ಲ. ಅಲೆಗಳಿಗೆ ಹಡಗು ಓಲಾಡುವಾಗ ಅದರ ನಡುಭಾಗದ ಕೆಳ ಡೆಕ್‌ಗಳಲ್ಲಿ ಚಲನೆ ಅತ್ಯಂತ ಕಡಿಮೆ ಇರುತ್ತದೆ. ಮುಂದಿನ ಮತ್ತು ಹಿಂದಿನ ತುದಿಗಳು ಎದ್ದು ಬೀಳುತ್ತವೆ. ತಲೆಸುತ್ತು, ವಾಂತಿಯ ಸ್ವಭಾವ ಇರುವ ಹಿರಿಯರನ್ನೂ, ಪ್ರಯಾಣದ ವಾಕರಿಕೆ ಹೆಚ್ಚಾಗಿ ಕಾಡುವ 2ರಿಂದ 12 ವರ್ಷದೊಳಗಿನ ಮಕ್ಕಳನ್ನೂ ತುದಿಯ ಕ್ಯಾಬಿನ್‌ಗೆ ಹಾಕಿದರೆ ರಾತ್ರಿ ಹೇಗೆ ಕಳೆಯುತ್ತದೆಂದು ಊಹಿಸಬಹುದು. ವಾಕರಿಕೆಯ ಮಾತ್ರೆ ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಯಾವುದು, ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಕೂಸನ್ನು ಎತ್ತಿಕೊಂಡು ಬಂದಿದ್ದ ತಂಗಿಯ ಕ್ಯಾಬಿನ್ ಈಜುಕೊಳದ ಡೆಕ್ಕಿಗೆ ಸರಿಯಾಗಿ ಕೆಳಗೆ ಬಂದಿತ್ತು. ಬೆಳಕು ಹರಿಯುವ ಮೊದಲೇ ಯಾರೋ ನೂರಾರು ಒರಗು ಕುರ್ಚಿಗಳನ್ನು ಒಂದೊಂದಾಗಿ ಎಳೆದು ಸಾಲಾಗಿ ಜೋಡಿಸುವ ಸದ್ದು ಅವಳ ಸೂರಿನ ಮೇಲೆ ಗೀರುತ್ತಾ ಹೋಗುತ್ತಿತ್ತು, ಸದ್ದು ನಿಲ್ಲುವ ಹೊತ್ತಿಗೆ ಮಗು ಎಚ್ಚೆತ್ತು ಅಳುತ್ತಿರುತ್ತಿತ್ತು. ಡೆಕ್ಕುಗಳ ನಕ್ಷೆ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಕ್ಯಾಬಿನ್ನಿನ ಮೇಲೆ ಏನಿದೆ, ಕೆಳಗೆ ಏನಿದೆ ಎಂದು ನೋಡದೆ ಒಪ್ಪಬೇಡಿ. ನಾಲ್ವರು ಮಲಗಬಹುದಾದ ಕ್ಯಾಬಿನ್‌ಗಳು ಕಡಿಮೆ. ಜೊತೆಗೆ ಪ್ರತಿ ಭಾಗದ ಪ್ರಯಾಣಿಕರ ಸಂಖ್ಯೆ ಅಲ್ಲಿನ ಜೀವರಕ್ಷಕ ದೋಣಿಗಳ ಸಾಮರ್ಥ್ಯವನ್ನು ಮೀರುವಂತಿಲ್ಲದ ಕಾರಣ, ಹಾಸಿಗೆ ಖಾಲಿ ಇದ್ದರೂ ಮೂರನೆಯ, ನಾಲ್ಕನೆಯ ವ್ಯಕ್ತಿಯನ್ನು ಸೇರಿಸಲಾಗದು ಎಂಬ ಉತ್ತರ ಬರಬಹುದು. ಕುಟುಂಬದೊಂದಿಗೆ ಹೋಗುವವರು ತಿಂಗಳುಗಳ ಮೊದಲೇ, ಕ್ಯಾಬಿನ್ ಸಂಖ್ಯೆ ಕೈಗೆ ಬಂದ ಮೇಲೆಯೇ ಮುಂಗಡ ಕಟ್ಟುವುದು ಲೇಸು.

ಊಟದ ಮೇಜಿನದೂ ಇದೇ ಕಥೆ. ಮುಖ್ಯ ಭೋಜನಶಾಲೆಯಲ್ಲಿ ರಾತ್ರಿಯ ಊಟಕ್ಕೆ ಎರಡು ಸರದಿಗಳಿದ್ದವು. ಅತ್ತೆ-ಮಾವನಿಗೆ ತಡವಾದದ್ದು, ಮಕ್ಕಳಿರುವ ನಮಗೆ ಬೇಗನೆಯದು ಬಂದಿತ್ತು. ಬೇರೆ ಬೇರೆ ಬುಕಿಂಗ್‌ಗಳನ್ನು ಪರಸ್ಪರ ಜೋಡಿಸಿಡಿ ಎಂದು ಕಂಪನಿಗೆ ಮೊದಲೇ ಹೇಳಿದರೆ ಎಲ್ಲರಿಗೂ ಒಂದೇ ಸರದಿ, ಒಂದೇ ಮೇಜು ಕೊಡುತ್ತಾರೆ. ಇದಕ್ಕೆ ಹಣವೂ ಇಲ್ಲ, ಐದು ನಿಮಿಷದ ಕೆಲಸ. ಏಜೆಂಟರು ಆ ಐದು ನಿಮಿಷ ಕೊಡಲಿಲ್ಲ.

ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ನಮ್ಮ ಅರ್ಧ ಯಾನ ಕಳೆಯಿತು. ದಡ ದೂರವಾದ ಮೇಲೆ ಸಾಮಾನ್ಯ ಮೊಬೈಲ್ ಸಂಪರ್ಕ ಇರುವುದಿಲ್ಲ. ಹಡಗಿನ ಉಪಗ್ರಹ ಆಧಾರಿತ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ಅದರ ದರವೇ ಬೇರೆ, ಮಾಮೂಲಿ ರೋಮಿಂಗ್ ಪ್ಯಾಕ್‌ಗಳು ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಹಡಗು ಹೊರಡುವ ಮುನ್ನವೇ ಎಲ್ಲರ ಫೋನನ್ನೂ ಏರೋಪ್ಲೇನ್ ಮೋಡಿಗೆ ಹಾಕಿಸಿ, ಮುಖ್ಯವಾಗಿ ಹಿರಿಯರದ್ದನ್ನು. ಹಡಗಿನ ಇಂಟರ್ನೆಟ್ಟನ್ನು ಹೆಚ್ಚಾಗಿ ಸಾಧನವೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಮಾರುತ್ತಾರಾದ್ದರಿಂದ ಎಲ್ಲರಿಗೂ ಕೊಳ್ಳುವುದು ದುಬಾರಿ. ಕೊನೆಗೆ ನಾವು ಕ್ಯಾಬಿನ್ ಬಾಗಿಲುಗಳಿಗೆ ಚೀಟಿ ಅಂಟಿಸತೊಡಗಿದೆವು. “ತಿಂಡಿಗೆ ಹೋಗಿದ್ದೇನೆ, ಯಾವ ಡೆಕ್ ಎಂದು ತಿಳಿಯದು” ಎಂಬ ಮಾವನವರ ಚೀಟಿಯನ್ನು ಅತ್ತೆ ಈಗಲೂ ಎತ್ತಿಟ್ಟಿದ್ದಾರೆ.

ಸುರಕ್ಷತೆಯ ವಿಷಯದಲ್ಲಿ ಇದು ತಮಾಷೆಯಲ್ಲ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನವೇ ಹಡಗು ಹತ್ತಿದ್ದ ಅನೇಕರಿಗೆ ತುರ್ತು ಕವಾಯತು ಇನ್ನೂ ಆಗಿರಲಿಲ್ಲ. ಆ ಬಳಿಕ ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಹೊಸ ಪ್ರಯಾಣಿಕರಿಗೆ ಕವಾಯತು ನಡೆಸುವುದು ಕಡ್ಡಾಯವಾಗಿದೆ. ತುರ್ತು ಸಮಯದಲ್ಲಿ ಸೇರಬೇಕಾದ ಸ್ಥಳವನ್ನು ಕ್ಯಾಬಿನ್ ಸಂಖ್ಯೆಯ ಪ್ರಕಾರ ಗೊತ್ತುಮಾಡುತ್ತಾರಾದ್ದರಿಂದ ನಮ್ಮ ಮನೆಯವರು ಹಡಗಿನ ಬೇರೆ ಬೇರೆ ಕಡೆ ಹಂಚಿಹೋದರು. ಅಜ್ಜಿಯ ಜೊತೆ ಮಲಗುತ್ತೇನೆಂದು ಹಟ ಹಿಡಿದ ಮಗು ರಾತ್ರಿ ಅಲ್ಲಿದ್ದರೆ ಯಾರು ಯಾರನ್ನು ಎಲ್ಲಿ ಹುಡುಕಬೇಕು? ಮಕ್ಕಳ ಕ್ಲಬ್ಬಿನಲ್ಲಿರುವಾಗ ಗಂಟೆ ಬಾರಿಸಿದರೆ ಮಗುವನ್ನು ಸಿಬ್ಬಂದಿ ಕರೆತರುತ್ತಾರೋ, ನಾವೇ ಹೋಗಬೇಕೋ? ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಮಗುವಿನ ಅಳತೆಯ ಲೈಫ್ ಜಾಕೆಟ್ ಮತ್ತು ಸೇರುವ ಸ್ಥಳ ಬರೆದ ಕೈಪಟ್ಟಿ ಕೇಳಿ ಪಡೆಯಿರಿ.

ಮಕ್ಕಳಿಗೆಂದೇ ಮಾಡಿದ ಸೌಲಭ್ಯಗಳ ಚಿತ್ರ ನೋಡಿ ಮರುಳಾಗುವ ಮುನ್ನ ವಯಸ್ಸಿನ ನಿಯಮ ಓದಬೇಕು. ಹೆಚ್ಚಿನ ಹಡಗುಗಳು 6 ತಿಂಗಳಿಗಿಂತ ಚಿಕ್ಕ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಗರ ದಾಟುವ ದೀರ್ಘ ಯಾನಗಳಲ್ಲಿ ಈ ಮಿತಿ 12 ತಿಂಗಳಿಗೆ ಏರುತ್ತದೆ. 24 ವಾರ ತುಂಬಿದ ಗರ್ಭಿಣಿಯರಿಗೂ ಪ್ರವೇಶವಿರುವುದಿಲ್ಲ. ಮಕ್ಕಳ ಕ್ಲಬ್ಬು ಸಾಮಾನ್ಯವಾಗಿ 3 ವರ್ಷ ದಾಟಿ, ಶೌಚದ ಅಭ್ಯಾಸವಾದ ಮಕ್ಕಳಿಗೆ ಮಾತ್ರ. ಡಯಾಪರ್ ಹಾಕುವ ಮಗುವನ್ನು, ಅದು ಈಜಿನ ಡಯಾಪರೇ ಆಗಿದ್ದರೂ, ಮುಖ್ಯ ಈಜುಕೊಳಕ್ಕೆ ಇಳಿಸಲು ಬಹುತೇಕ ಹಡಗುಗಳಲ್ಲಿ ಬಿಡುವುದಿಲ್ಲ. ತಂಗಿ ಕೂಸಿಗೆಂದು ಕೊಂಡಿದ್ದ ಪುಟ್ಟ ಈಜುಡುಗೆ ಬೆಲೆಚೀಟಿಯ ಸಮೇತ ವಾಪಸು ಬಂತು. ಎಷ್ಟೋ ಹಡಗುಗಳ ಈಜುಕೊಳದಲ್ಲಿ ಜೀವರಕ್ಷಕರೂ ಇರುವುದಿಲ್ಲವೆಂಬುದು ಇದಕ್ಕಿಂತ ಗಂಭೀರವಾದ ಮಾತು; ಹತ್ತಾರು ದೊಡ್ಡವರು ಸುತ್ತ ಕೂತಿರುವ ಕಡೆ ಯಾರಾದರೂ ನೋಡಿಕೊಳ್ಳುತ್ತಿರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ.

ನಿಜವಾದ ಸಂಕಟ ಶುರುವಾದದ್ದು ಅಣ್ಣನ ಮಗನಿಗೆ ವಾಂತಿ-ಭೇದಿ ಹಿಡಿದಾಗ. ಅಣ್ಣ-ಅತ್ತಿಗೆಗೆ ರಜೆ ಸಿಗದೆ ಹುಡುಗನನ್ನು ನಮ್ಮ ಜೊತೆ ಕಳಿಸಿದ್ದರು. ಹಡಗಿನ ಚಿಕಿತ್ಸಾಲಯದಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಚಿಕಿತ್ಸೆಗೆ ತಂದೆ-ತಾಯಿ ಕೊಟ್ಟ ಲಿಖಿತ ಒಪ್ಪಿಗೆ ಎಲ್ಲಿದೆ ಎಂಬುದು. ಪ್ರಯಾಣಕ್ಕೆ ಒಪ್ಪಿಗೆ ಪತ್ರ ಬೇಕೆಂದು ಏಜೆಂಟರು ಹೇಳಿದ್ದರು, ಅದನ್ನು ನೋಟರಿಯಿಂದ ಮಾಡಿಸಿಯೂ ಇದ್ದೆವು. ಅದರಲ್ಲಿ ವೈದ್ಯಕೀಯ ಚಿಕಿತ್ಸೆಯ ಮಾತು ಇರಲಿಲ್ಲ. ಚಿಕ್ಕಪ್ಪ ಎಂಬ ಸಂಬಂಧಕ್ಕೆ ಆ ಮೇಜಿನ ಮುಂದೆ ಬೆಲೆಯಿರಲಿಲ್ಲ. ದುಬಾರಿ ಇಂಟರ್ನೆಟ್ ಕೊಂಡು, ಅಣ್ಣನಿಂದ ಸಹಿ ಹಾಕಿದ ಪತ್ರದ ಚಿತ್ರ ತರಿಸಿಕೊಳ್ಳುವವರೆಗೆ ಹುಡುಗ ಬಟ್ಟಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ. ಅಪ್ಪ-ಅಮ್ಮ ಜೊತೆಗಿಲ್ಲದ ಮಕ್ಕಳನ್ನು ಕರೆದೊಯ್ಯುವವರು ಪ್ರಯಾಣ ಮತ್ತು ಚಿಕಿತ್ಸೆ ಎರಡಕ್ಕೂ ಸ್ಪಷ್ಟ ಒಪ್ಪಿಗೆ ಬರೆಸಿಕೊಂಡೇ ಹೊರಡಬೇಕು.

ಅವನನ್ನು ಕ್ಯಾಬಿನ್ನಿನಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು, ಅದನ್ನು ನಾನು ತಪ್ಪೆನ್ನುವುದಿಲ್ಲ. ನೊರೊವೈರಸ್‌ನಂಥ ಸೋಂಕು ಹತ್ತಿರ ಹತ್ತಿರ ಬದುಕುವ ಜನರಲ್ಲಿ ಬೇಗ ಹಬ್ಬುತ್ತದೆ, ಸೋಂಕು ತಗುಲಿದ 12ರಿಂದ 48 ಗಂಟೆಗಳಲ್ಲಿ ಲಕ್ಷಣ ಕಾಣಿಸಿಕೊಳ್ಳುತ್ತದೆ. ಲಕ್ಷಣ ನಿಂತ ಮೇಲೂ ಸಾಮಾನ್ಯವಾಗಿ 24 ಗಂಟೆ ಹೊರಗೆ ಬಿಡುವುದಿಲ್ಲ. ಆದರೆ ಒಂದೇ ಕ್ಯಾಬಿನ್ನಿನಲ್ಲಿ ನಾಲ್ವರು ಇದ್ದರೆ ರೋಗಿಯನ್ನು ಬೇರೆ ಇಡುವುದಾದರೂ ಎಲ್ಲಿ? ಯಾರು ಒಳಗೆ ಉಳಿಯಬೇಕು, ಯಾರು ಅತ್ತೆಯ ಕ್ಯಾಬಿನ್ನಿಗೆ ಹೋಗಬೇಕು ಎಂಬುದರ ಮೇಲೆಯೇ ಅಕ್ಕ-ಭಾವನ ನಡುವೆ ಮಾತು ಬೆಳೆದದ್ದು. ಊಟದ ಶಾಲೆಯ ಬಾಗಿಲಲ್ಲಿ ಕೈಗೆ ಸಿಂಪಡಿಸುವ ಸ್ಯಾನಿಟೈಸರನ್ನು ನಂಬಿ ಮಕ್ಕಳನ್ನು ಹಾಗೇ ಒಳಗೆ ಬಿಡಬೇಡಿ, ಆಲ್ಕೋಹಾಲ್ ಆಧಾರಿತ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ. ಸೋಪು-ನೀರಿನಿಂದ ಕೈ ತೊಳೆಸಿ. ಚಿಕಿತ್ಸೆಯ ಖರ್ಚು ನೇರವಾಗಿ ಕ್ಯಾಬಿನ್ನಿನ ಖಾತೆಗೆ ಬೀಳುತ್ತದೆ, ಮನೆಯಲ್ಲಿರುವ ಸಾಧಾರಣ ಆರೋಗ್ಯ ವಿಮೆಯನ್ನು ಅಲ್ಲಿ ಒಪ್ಪುವುದಿಲ್ಲ. ಹಡಗಿನಿಂದ ರೋಗಿಯನ್ನು ದಡದ ಆಸ್ಪತ್ರೆಗೆ ತುರ್ತಾಗಿ ಸಾಗಿಸುವ ವೆಚ್ಚವನ್ನೂ ಒಳಗೊಂಡ ಪ್ರವಾಸ ವಿಮೆಯನ್ನು, ಹಿರಿಯರ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ, ಪ್ರತಿಯೊಬ್ಬರ ಹೆಸರಿನಲ್ಲೂ ಮಾಡಿಸಿ.

ಬಿಲ್ಲಿನ ಮಾತು ಬಂತು. ಹಡಗಿನಲ್ಲಿ ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡೇ ಹಣ ಕೊಡುವ ಕಾರ್ಡೂ ಆಗಿರುತ್ತದೆ. ಮಕ್ಕಳ ಕಾರ್ಡಿನಲ್ಲಿ ಖರ್ಚಿನ ಸೌಲಭ್ಯವನ್ನು ಮುಚ್ಚಿಸದಿದ್ದರೆ ವಿಡಿಯೋ ಗೇಮಿನ ಕೋಣೆಯಲ್ಲಿ ಅದನ್ನು ಒಮ್ಮೆ ತಾಕಿಸಿದರೆ ಸಾಕು, ಪ್ರತಿ ಆಟವೂ ಖಾತೆಗೆ ಏರುತ್ತದೆ. ಗೊಂಬೆಯನ್ನು ಇಕ್ಕಳದಿಂದ ಎತ್ತುವ ಯಂತ್ರದ ಮುಂದೆ ಅಕ್ಕನ ಮಗ ಕಳೆದ ಒಂದು ಮಧ್ಯಾಹ್ನದ ಲೆಕ್ಕ ಬಿಲ್ಲಿನಲ್ಲಿ ಪುಟ ತುಂಬಾ ಒಂದೇ ಸಾಲಾಗಿ ಇಳಿದಿತ್ತು, ಗೊಂಬೆ ಸಿಗಲಿಲ್ಲ. ಸಿಬ್ಬಂದಿಯ ಟಿಪ್ಸನ್ನು ಹಲವು ಕಂಪನಿಗಳು ತಲೆಗೆ, ದಿನಕ್ಕೆ ಇಷ್ಟೆಂದು ತಾವೇ ಸೇರಿಸುತ್ತವೆ, ಮಗುವಿನ ತಲೆಯೂ ಲೆಕ್ಕಕ್ಕೆ ಬರುತ್ತದೆ. ‘ಮೂರನೆಯವರು, ನಾಲ್ಕನೆಯವರು ಉಚಿತ’ ಎಂಬ ಜಾಹೀರಾತಿನಲ್ಲಿ ಬಂದರು ಶುಲ್ಕ, ತೆರಿಗೆ, ಟಿಪ್ಸ್ ಉಚಿತವಲ್ಲ. ಕ್ಯಾಬಿನ್ನಿನ ಒಬ್ಬ ವಯಸ್ಕ ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕೆಂಬ ನಿಯಮವೂ ಕೆಲವು ಕಡೆ ಇದೆ. ಯಾವ ಕ್ಯಾಬಿನ್ನಿಗೆ ಯಾರ ಕ್ರೆಡಿಟ್ ಕಾರ್ಡ್ ಜೋಡಿಸಬೇಕೆಂಬುದನ್ನು ಮನೆಯಲ್ಲೇ ಮಾತಾಡಿ ಮುಗಿಸಿಕೊಳ್ಳಿ, ಲೆಕ್ಕವನ್ನು ದಿನವೂ ನೋಡಿ.

ಎಲ್ಲರೂ ಕಾದು ಕೂತಿದ್ದ ಬಂದರಿಗೆ ಗಾಳಿಯ ಕಾರಣದಿಂದ ಹಡಗು ಹೋಗಲೇ ಇಲ್ಲ. ಬಂದರನ್ನು ಬಿಟ್ಟುಬಿಡುವ, ಬದಲಾಯಿಸುವ ಹಕ್ಕನ್ನು ಟಿಕೆಟ್ಟಿನ ಕರಾರು ಕಂಪನಿಗೆ ಕೊಡುತ್ತದೆ. ನಮಗೆ ಮರಳಿದ್ದು ಆ ಬಂದರಿನ ಶುಲ್ಕ ಮಾತ್ರ. ಹಡಗಿನ ಮೂಲಕವೇ ಕೊಂಡ ದಡದ ಪ್ರವಾಸವಾಗಿದ್ದರೆ ಅದರ ಹಣ ತಾನಾಗಿ ಬರುತ್ತಿತ್ತು. ಎಲ್ಲರಿಗೂ ಸೇರಿ ವ್ಯಾನು ಗೊತ್ತುಮಾಡಿಕೊಟ್ಟಿದ್ದ ಏಜೆಂಟರು ಮುಂಗಡ ಹಿಂದಿರುಗದು ಎಂದುಬಿಟ್ಟರು. ಖಾಸಗಿಯಾಗಿ ಹೋಗುವವರು ಇನ್ನೊಂದನ್ನೂ ತಿಳಿದಿರಬೇಕು. ಹಡಗಿನ ಗಡಿಯಾರ ಮತ್ತು ಬಂದರಿನ ಗಡಿಯಾರ ಒಂದೇ ಆಗಿರಬೇಕೆಂದಿಲ್ಲ, ಹೇಳಿದ ಸಮಯಕ್ಕೆ ಬಾರದವರಿಗಾಗಿ ಹಡಗು ನಿಲ್ಲುವುದೂ ಇಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕು. ಮಕ್ಕಳ ಶೌಚ, ಹಿರಿಯರ ನಡಿಗೆ, ಒಬ್ಬರು ಅಂಗಡಿಯಲ್ಲಿ ನಿಂತುಬಿಡುವುದು ಇವೆಲ್ಲವನ್ನೂ ಲೆಕ್ಕ ಹಿಡಿದು ಎರಡು ಗಂಟೆಯಾದರೂ ಕೈಯಲ್ಲಿಟ್ಟುಕೊಳ್ಳಿ.

ದೂರು ಕೊಡುವುದಾದರೆ ಹಡಗಿನಿಂದ ಇಳಿಯುವ ಮೊದಲೇ ಸ್ವಾಗತ ಕೌಂಟರಿನಲ್ಲಿ ಬರವಣಿಗೆಯಲ್ಲಿ ಕೊಟ್ಟು ಪ್ರತಿ ಪಡೆಯಿರಿ. ದಾವೆ ಹೂಡುವ ಗಡುವು, ಅದನ್ನು ಯಾವ ದೇಶದ ನ್ಯಾಯಾಲಯದಲ್ಲಿ ಹೂಡಬೇಕು ಎಂಬುದೆಲ್ಲ ಟಿಕೆಟ್ಟಿನ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಕಂಪನಿಗಳು ಒಂದೇ ವರ್ಷದ ಅವಧಿ ಕೊಡುತ್ತವೆ. ನಮ್ಮ ದೂರಿಗೆ ಕಂಪನಿಯವರು ಕ್ಯಾಬಿನ್ ದರ್ಜೆ ಆರಿಸಿದ್ದು ಏಜೆಂಟರು ಎಂದು ಉತ್ತರ ಬರೆದರು. ಏಜೆಂಟರು ಕ್ಯಾಬಿನ್ ಹಂಚಿದ್ದು ಕಂಪನಿ ಎನ್ನುತ್ತಿದ್ದಾರೆ. “ಒಟ್ಟಿಗೇ ಇದ್ದ ಹಾಗೆ” ಎಂದು ಅವರು ಹೇಳಿದ್ದು ಫೋನಿನಲ್ಲಿ, ಹಾಗಾಗಿ ಅದಕ್ಕೆ ದಾಖಲೆಯಿಲ್ಲ. ನಿಮ್ಮ ಏಜೆಂಟರಿಂದ ಕ್ಯಾಬಿನ್ ಸಂಖ್ಯೆಗಳು, ಊಟದ ಸರದಿ, ಬುಕಿಂಗ್‌ಗಳನ್ನು ಜೋಡಿಸಿದ ಖಾತರಿ, ರದ್ದತಿಯ ಗಡುವು ಇಷ್ಟನ್ನೂ ಇಮೇಲಿನಲ್ಲಿ ತರಿಸಿಕೊಂಡ ಮೇಲೆ ಹಣ ಕಟ್ಟಿ. ಪೂರ್ತಿ ಹಣ ಕಟ್ಟಬೇಕಾದ ದಿನ ಸಾಮಾನ್ಯವಾಗಿ ಹೊರಡುವುದಕ್ಕೆ ಎರಡು-ಮೂರು ತಿಂಗಳು ಮೊದಲೇ ಇರುತ್ತದೆ. ಅದು ದಾಟಿದ ಮೇಲೆ ರದ್ದು ಮಾಡಿದರೆ ದಂಡ ವಾರದಿಂದ ವಾರಕ್ಕೆ ಏರುತ್ತಾ ಹೋಗಿ, ಕೊನೆಯ ದಿನಗಳಲ್ಲಿ ಬಿಡಿಗಾಸೂ ಮರಳುವುದಿಲ್ಲ.