ಪಿಂಚಣಿ ಬಂದ ಮೇಲೆ ಕಾಡಿನ ಕೆಲಸ: ಹಸಿರು ಪಲ್ಟನ್ನೋ, ಅರಣ್ಯ ಇಲಾಖೆಯೋ?

‘ಗೇಟಿನ್ಯಾಗ ಸೆಕ್ಯೂರಿಟಿ ಅಂತ ಕೂಡೂದು ಬ್ಯಾಡ್ರಿ, ಕಾಡಿನ ಕೆಲಸ ಇದ್ರ ಹೇಳ್ರಿ’ ಎಂದರು ಪುಣೆಯ ಖಡಕಿಯಲ್ಲಿ ನೆಲೆಸಿರುವ ಬೆಳಗಾವಿ ಕಡೆಯ ಮಾಜಿ ಹವಾಲ್ದಾರರು. ಅವರ ಮುಂದೆ ಎರಡು ದಾರಿಗಳಿವೆ.

ಒಂದು, ಪ್ರಾದೇಶಿಕ ಸೇನೆಯ (ಟೆರಿಟೋರಿಯಲ್ ಆರ್ಮಿ) ಪರಿಸರ ಕಾರ್ಯಪಡೆ, ಅಂದರೆ ಮಾಜಿ ಸೈನಿಕರಿಂದಲೇ ಕಟ್ಟಿದ ಹಸಿರು ಪಲ್ಟನ್. ಮೊದಲನೆಯದು 1982ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿತು. ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಗುಡ್ಡಗಳಿಗೆ ಮತ್ತೆ ಹಸಿರು ಹೊದಿಸಿತು. ಮಹಾರಾಷ್ಟ್ರದಲ್ಲಿ ಇಂಥ ಪಡೆ ಮರಾಠವಾಡಾದಲ್ಲಿದೆ. ಇಲ್ಲಿ ಸಮವಸ್ತ್ರ, ರೋಲ್‌ಕಾಲ್, ಲಂಗರಿನ (ಸೇನೆಯ ಅಡುಗೆಮನೆಯ) ಊಟ ಎಲ್ಲ ಹಳೆಯದೇ. ಕೈಗೆ ಬಂದೂಕಿನ ಬದಲು ಗುದ್ದಲಿ. ಆದರೆ ಮುಖ್ಯ ಕೆಲಸ ಗಿಡ ನೆಟ್ಟು ಬದುಕಿಸುವುದು. ಕಾಡ್ಗಿಚ್ಚಿನ ಹಿಂದೆ ಓಡಬೇಕೆನ್ನುವವರಿಗೆ ಸಪ್ಪೆ ಅನಿಸೀತು.

ಇನ್ನೊಂದು, ಅರಣ್ಯ ರಕ್ಷಕ ಹುದ್ದೆ. ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಉಂಟು, ಮರಾಠಿ ಓದಿ ಬರೆಯಲು ಬರಲೇಬೇಕು. ಬೆಂಕಿಯ ಕೆಲಸ ಇರುವುದು ಇಲ್ಲೇ. ಮಹಾರಾಷ್ಟ್ರದ ಬೆಂಕಿ ಹಂಗಾಮು ಫೆಬ್ರವರಿ 15ರಿಂದ ಜೂನ್ 15ರವರೆಗೆ. ಅದಕ್ಕೆ ಮೊದಲೇ ಬೆಂಕಿ ರೇಖೆ, ಅಂದರೆ ಕಿಚ್ಚು ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ, ಸವರಬೇಕು. ಭಾರತೀಯ ಅರಣ್ಯ ಸಮೀಕ್ಷೆಯ ಉಪಗ್ರಹ ಎಚ್ಚರಿಕೆ ಮೊಬೈಲಿಗೆ ಬಂದೊಡನೆ ಗುಡ್ಡ ಹತ್ತಿ, ಹಸಿ ಟೊಂಗೆಗಳಿಂದ ಬಡಿದು ಆರಿಸಬೇಕು. 2023ರ ಮಾರ್ಚಿನಲ್ಲಿ ಗೋವಾದ ಮಹದಾಯಿ ಕಾಡು ಹೊತ್ತಿದಾಗ ಹೆಲಿಕಾಪ್ಟರುಗಳು ನೀರು ಸುರಿದವು ನಿಜ, ಆದರೆ ಕಡಿದಾದ ಇಳಿಜಾರಿನಲ್ಲಿ ನಡೆದವರು ಕಾಲಾಳುಗಳೇ.

ನಕ್ಷೆ ಓದುವುದು, ವೈರ್‌ಲೆಸ್ ಶಿಸ್ತು ಎರಡೂ ಕಡೆ ಉಪಯೋಗಕ್ಕೆ ಬರುತ್ತವೆ. ಆದರೆ ಇಲಾಖೆಯಲ್ಲಿ ಜೊತೆಗೆ ಪಲ್ಟನ್ ಇರುವುದಿಲ್ಲ. ಬೀಟಿನಲ್ಲಿ, ಅಂದರೆ ಕಾವಲಿಗೆ ಕೊಟ್ಟ ಕಾಡಿನ ತುಂಡಿನಲ್ಲಿ, ಹಲವು ಸಲ ಒಬ್ಬಂಟಿ. ಮಂಡಿ ಗಟ್ಟಿಯಿದ್ದು ಮರಾಠಿ ಸಲೀಸಾಗಿದ್ದರೆ ನನ್ನ ಮತ ಇಲಾಖೆಗೆ. ಹವಾಲ್ದಾರರ ಮಂಡಿ ಮಾತ್ರ ಈಗಾಗಲೇ ಸಿಯಾಚಿನ್ ಕಂಡಿದೆ.