ಸಿ-ಸ್ಪ್ಯಾನ್: ಕತ್ತರಿ ಇಲ್ಲ, ಚೌಕಟ್ಟು ಇದೆ

ಅಮೆರಿಕದ ರಾಜಕೀಯ ಕನ್ನಡ ಓದುಗನಿಗೆ ತಲುಪುವಾಗ ಮೂರು ಕೈ ದಾಟಿರುತ್ತದೆ. ವಾಷಿಂಗ್ಟನ್ನಿನ ವರದಿಗಾರ ಬರೆದದ್ದನ್ನು ಸುದ್ದಿಸಂಸ್ಥೆ ಮೊಟಕು ಮಾಡುತ್ತದೆ, ಇಲ್ಲಿನ ಡೆಸ್ಕ್ ಅದನ್ನು ನಾಲ್ಕು ಸಾಲಿಗೆ ಇಳಿಸುತ್ತದೆ. ಆ ಮೂರೂ ಕೈಗಳನ್ನು ಬಿಟ್ಟು ನೇರವಾಗಿ ನೋಡುತ್ತೇನೆ ಎನ್ನುವವರಿಗೆ, ಅಲ್ಲಿನ ಸಂಸತ್ತಿನ ಕಲಾಪ ತೋರಿಸುವ ವಾಹಿನಿಯಾದ ಸಿ-ಸ್ಪ್ಯಾನ್‌ಗಿಂತ ಒಳ್ಳೆಯ ಸೇವೆ ಇಲ್ಲ. ಆದರೆ ಅಲ್ಲಿ ಕಂಡದ್ದೇ ಪೂರ್ತಿ ಸತ್ಯ ಎಂದು ಕೂತರೆ ಮೋಸ ಹೋಗುತ್ತೀರಿ. ಸಿ-ಸ್ಪ್ಯಾನ್ ದೃಶ್ಯಕ್ಕೆ ಕತ್ತರಿ ಹಾಕುವುದಿಲ್ಲ, ನಿಜ. ಸದನದೊಳಗಿನ ಕ್ಯಾಮೆರಾ ಮಾತ್ರ ಅದರದಲ್ಲ.

ಬ್ರಯಾನ್ ಲ್ಯಾಂಬ್ ಕಟ್ಟಿದ ಈ ವಾಹಿನಿ 1979ರ ಮಾರ್ಚ್ 19ರಂದು ಕೆಳಮನೆಯಾದ ಪ್ರತಿನಿಧಿ ಸಭೆಯ ಕಲಾಪದೊಂದಿಗೆ ಶುರುವಾಯಿತು. ಮೇಲ್ಮನೆಯಾದ ಸೆನೆಟ್ ಒಪ್ಪಿದ್ದು ಏಳು ವರ್ಷ ತಡವಾಗಿ, 1986ರ ಜೂನ್‌ನಲ್ಲಿ; ಅದು ಸಿ-ಸ್ಪ್ಯಾನ್ 2. ವಿಚಾರಣೆ, ಗೋಷ್ಠಿ, ಇತಿಹಾಸದ ಕಾರ್ಯಕ್ರಮಗಳಿಗೆ ಸಿ-ಸ್ಪ್ಯಾನ್ 3 ಇದೆ. ನಮ್ಮ ಸಂಸದ್ ಟಿವಿಯ ಹಾಗೆ ಸಂಸತ್ತೇ ನಡೆಸುವ ವಾಹಿನಿಯಲ್ಲ ಇದು. ಸರ್ಕಾರದ ದುಡ್ಡೂ ಇಲ್ಲ, ವಾಹಿನಿಯಲ್ಲಿ ಜಾಹೀರಾತೂ ಇಲ್ಲ. ಕೇಬಲ್ ಕಂಪನಿಗಳು ಪ್ರತಿ ಮನೆಗೆ ತಿಂಗಳಿಗೆ ಕೆಲವೇ ಸೆಂಟ್ ಲೆಕ್ಕದಲ್ಲಿ ಕೊಡುವ ಹಣದಲ್ಲಿ ನಡೆಯುತ್ತದೆ. ಜನ ಕೇಬಲ್ ಬಿಡುತ್ತಿರುವುದರಿಂದ ಆ ಬುಡವೇ ಸವೆಯುತ್ತಿದೆ. 2025ರಲ್ಲಿ ಯೂಟ್ಯೂಬ್ ಟಿವಿ ಮತ್ತು ಹುಲು ಲೈವ್ ಜೊತೆ ಒಪ್ಪಂದವಾದ ಮೇಲೆ ತುಸು ಉಸಿರು ಬಂದಿದೆ.

ಈಗ ಕ್ಯಾಮೆರಾದ ವಿಷಯ. ಪ್ರತಿನಿಧಿ ಸಭೆಯೊಳಗಿನ ಕ್ಯಾಮೆರಾಗಳು ಸಭೆಯ ಸ್ವತ್ತು, ಸ್ಪೀಕರ್ ಹಿಡಿತದಲ್ಲಿರುವಂಥವು. ಸೆನೆಟ್‌ನದೂ ಅದೇ ಕತೆ. ಮಾತಾಡುವವರನ್ನೂ ಪೀಠವನ್ನೂ ತೋರಿಸುತ್ತವೆ. ಮುಂದಿನ ಸಾಲಿನವರು ತೂಕಡಿಸಿದರೆ ಅದು ಕಾಣುವುದಿಲ್ಲ. ಇದರ ಲಾಭವನ್ನು ಮೊದಲು ಚೆನ್ನಾಗಿ ಅರಿತವರಲ್ಲಿ ರಿಪಬ್ಲಿಕನ್ ಸದಸ್ಯ ನ್ಯೂಟ್ ಗಿಂಗ್ರಿಚ್ ಒಬ್ಬರು. ದಿನದ ಕೆಲಸ ಮುಗಿದ ಮೇಲೆ ಯಾವ ಸದಸ್ಯರಾದರೂ ಗಂಟೆಗಟ್ಟಲೆ ಮಾತಾಡಬಹುದಾದ 'ಸ್ಪೆಷಲ್ ಆರ್ಡರ್' ಅವಧಿಯಲ್ಲಿ, ಖಾಲಿ ಕುರ್ಚಿಗಳ ಮುಂದೆ ನಿಂತು ಅವರು ಡೆಮಾಕ್ರಟರಿಗೆ ಸವಾಲು ಹಾಕುತ್ತಿದ್ದರು. ಮನೆಯಲ್ಲಿ ಕೂತು ನೋಡುವವರಿಗೆ ಎದುರಾಳಿಗಳು ಬಾಯಿ ಮುಚ್ಚಿ ಕೂತಂತೆ ತೋರುತ್ತಿತ್ತು. 1984ರ ಮೇ ತಿಂಗಳಲ್ಲಿ ಡೆಮಾಕ್ರಟ್ ಸ್ಪೀಕರ್ ಟಿಪ್ ಓನೀಲ್ ಯಾರಿಗೂ ಹೇಳದೆ ಕ್ಯಾಮೆರಾವನ್ನು ಇಡೀ ಸಭಾಂಗಣದ ಮೇಲೆ ಹೊರಳಿಸಲು ಆದೇಶಿಸಿದರು. ಖಾಲಿ ಸಾಲುಗಳು ಬಯಲಾದವು, ಗಲಾಟೆಯೂ ಆಯಿತು. ಆದರೆ ಆ ಗಲಾಟೆಯಿಂದ ಹೆಸರು ಬಂದದ್ದು ಗಿಂಗ್ರಿಚ್‌ಗೆ. ಹನ್ನೊಂದು ವರ್ಷದಲ್ಲಿ ಸ್ಪೀಕರ್ ಕುರ್ಚಿಯೂ ಅವರದಾಯಿತು.

ಸ್ವಂತ ಕ್ಯಾಮೆರಾಕ್ಕೆ ಜಾಗ ಕೊಡಿ ಎಂದು ಸಿ-ಸ್ಪ್ಯಾನ್ ಅಂದಿನಿಂದ ಹಲವು ಸಲ ಕೇಳಿದೆ, ಎರಡೂ ಪಕ್ಷಗಳ ಸ್ಪೀಕರ್‌ಗಳು ಆಗದು ಎಂದಿದ್ದಾರೆ. ಈ ಒಂದು ವಿಷಯದಲ್ಲಿ ಅವರಲ್ಲಿ ಭೇದವಿಲ್ಲ. (2019ರಲ್ಲಿ ನಮ್ಮ ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾ ನಿಷೇಧವಾದಾಗ ಎದ್ದ ಪ್ರಶ್ನೆಯೂ ಇದೇ.) ಬೀಗ ತೆರೆದರೆ ಏನು ಕಾಣುತ್ತದೆ ಎಂಬುದು 2023ರ ಜನವರಿಯಲ್ಲಿ ಗೊತ್ತಾಯಿತು. ಸ್ಪೀಕರ್ ಆಗಿ ರಿಪಬ್ಲಿಕನ್ ಪಕ್ಷದ ಕೆವಿನ್ ಮೆಕಾರ್ಥಿ ಆಯ್ಕೆಗೆ 15 ಸುತ್ತು ಮತದಾನ ಬೇಕಾಯಿತು. ಸ್ಪೀಕರ್ ಇಲ್ಲದೆ ಸದನದ ನಿಯಮಗಳೂ ಜಾರಿಗೆ ಬಂದಿರಲಿಲ್ಲ, ಸಿ-ಸ್ಪ್ಯಾನ್ ಕ್ಯಾಮೆರಾಗಳು ಒಳಗಿದ್ದವು. ಯಾರು ಯಾರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ, ಯಾವ ಡೆಮಾಕ್ರಟ್ ಯಾವ ರಿಪಬ್ಲಿಕನ್ ಪಕ್ಕ ಕೂತಿದ್ದಾರೆ ಎಲ್ಲವೂ ಕಂಡಿತು. ಮೆಕಾರ್ಥಿಯನ್ನು ವಿರೋಧಿಸುತ್ತಿದ್ದ ಸ್ವಪಕ್ಷದ ಮ್ಯಾಟ್ ಗೇಟ್ಸ್ ಕಡೆ ನುಗ್ಗಿದ ಮೈಕ್ ರಾಜರ್ಸ್ ಅವರನ್ನು ಸಹಸದಸ್ಯರೊಬ್ಬರು ಬಾಯಿಗೆ ಕೈಯಿಟ್ಟು ಹಿಂದಕ್ಕೆಳೆದದ್ದನ್ನು ವರದಿಗಾರನ ವಾಕ್ಯದಲ್ಲಿ ಓದುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಸ್ಪೀಕರ್ ಬಂದರು, ಹಳೆಯ ಚೌಕಟ್ಟೂ ಮರಳಿತು.

ಹಾಗಾಗಿ ನನ್ನ ಸಲಹೆ: ಸಭಾಂಗಣಕ್ಕಿಂತ ಸಮಿತಿ ವಿಚಾರಣೆಗಳನ್ನು ನೋಡಿ. ಅಲ್ಲಿ ಸಿ-ಸ್ಪ್ಯಾನ್ ತನ್ನದೇ ಕ್ಯಾಮೆರಾ ಇಡಬಹುದು. ಉತ್ತರಿಸುವ ಅಧಿಕಾರಿಯ ಮುಖ, ಹಿಂದೆ ಕೂತು ಚೀಟಿ ದಾಟಿಸುವ ಸಿಬ್ಬಂದಿ ಎಲ್ಲ ಕಾಣುತ್ತಾರೆ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಐದು ನಿಮಿಷ, ಒಮ್ಮೆ ಈ ಪಕ್ಷ ಒಮ್ಮೆ ಆ ಪಕ್ಷ. ಅನೇಕರು ಮೂರೂವರೆ ನಿಮಿಷ ತಾವೇ ಮಾತಾಡಿ, ಉತ್ತರ ಶುರುವಾಗುತ್ತಿದ್ದಂತೆ 'ನನ್ನ ಸಮಯ ವಾಪಸ್ ತೆಗೆದುಕೊಳ್ಳುತ್ತೇನೆ' ಎಂದು ತಡೆಯುತ್ತಾರೆ. ಸಂಜೆಯ ಸುದ್ದಿಗೆ ಬೇಕಾದ ಮೂವತ್ತು ಸೆಕೆಂಡಿನ ತುಣುಕು ಹೀಗೇ ತಯಾರಾಗುವುದು. ಐದು ಗಂಟೆಯ ವಿಚಾರಣೆಯಲ್ಲಿ ಮೊದಲ ಒಂದು ಗಂಟೆ ನೋಡಿ ಬಿಡಬೇಡಿ. ಹಿರಿತನದ ಪ್ರಕಾರ ಸರದಿ ಬರುವುದರಿಂದ, ತಯಾರಿ ಮಾಡಿಕೊಂಡು ಬಂದ ಕಿರಿಯರ ಪ್ರಶ್ನೆಗಳು ಕೊನೆಯಲ್ಲೇ ಇರುತ್ತವೆ.

ನಿಜವಾದ ನಿಧಿ ಇರುವುದು ವಿಡಿಯೊ ಲೈಬ್ರರಿಯಲ್ಲಿ. 1987ರಿಂದ ಈಚೆಗಿನ ದಾಖಲೆ, ಉಚಿತ. ಬಳಸುವ ಕ್ರಮ ಹೀಗೆ. ಹೆಸರನ್ನು ಬರೀ ಪದವಾಗಿ ಹುಡುಕದೆ ಆ ವ್ಯಕ್ತಿಯ ಪುಟಕ್ಕೆ ಹೋಗಿ. ವಿಡಿಯೊ ಜೊತೆಗಿನ ಪಠ್ಯ ಬರುವುದು ನೇರಪ್ರಸಾರದ ಉಪಶೀರ್ಷಿಕೆಯಿಂದ. ಕಿವಿಗೆ ಕೇಳಿದಂತೆ ಟೈಪ್ ಮಾಡಿದ್ದು, ಇಂಗ್ಲಿಷೇತರ ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು, ಈಗ ಮಿಷಿಗನ್ನಿನ ಡೆಮಾಕ್ರಟ್ ಸದಸ್ಯರಾಗಿರುವ ಶ್ರೀ ಥಾಣೇದಾರ್ ಅವರನ್ನೇ ತೆಗೆದುಕೊಳ್ಳಿ. 2025ರ ಮೇನಲ್ಲಿ ಟ್ರಂಪ್ ವಾಗ್ದಂಡನೆಯ ನಿರ್ಣಯವನ್ನು ಮತಕ್ಕೆ ಹಾಕಿಸಲು ಹೊರಟ ಅವರು, ಸ್ವಪಕ್ಷದವರೇ ಮುನಿಸಿಕೊಂಡ ಮೇಲೆ ಕೈಬಿಟ್ಟರು. ಇಂಥ ಪ್ರಸಂಗದಲ್ಲಿ ಪುಟಕ್ಕೆ ಹೋಗಿ ದಿನಾಂಕದ ಪ್ರಕಾರ ಜೋಡಿಸಿದರೆ ಸದನದಲ್ಲಿ ಅವರು ಆಡಿದ ಮಾತು ಸಿಗುತ್ತದೆ.

ಅಧಿಕೃತ ನಡಾವಳಿಯಾದ ಕಾಂಗ್ರೆಷನಲ್ ರೆಕಾರ್ಡ್ ಜೊತೆ ಇದನ್ನು ಹೋಲಿಸುವುದು ಇನ್ನೂ ಸ್ವಾರಸ್ಯ. ಸದಸ್ಯರು ತಮ್ಮ ಮಾತನ್ನು 'ತಿದ್ದಿ ವಿಸ್ತರಿಸಲು' ಅನುಮತಿ ಪಡೆದು, ಸದನದಲ್ಲಿ ಆಡದ ಭಾಷಣವನ್ನೂ ಅಚ್ಚಿಗೆ ಸೇರಿಸಬಹುದು. ಪ್ರತಿನಿಧಿ ಸಭೆಯ ಭಾಗದಲ್ಲಿ ಅದಕ್ಕೆ ಬೇರೆ ಅಚ್ಚಕ್ಷರವಿರುತ್ತದೆ, ಅವಸರದಲ್ಲಿ ಗಮನಿಸದೆ ಉಲ್ಲೇಖಿಸಿಬಿಡುವುದು ಸುಲಭ. ಆಡಿದ್ದೇ ಹೌದೇ ಎಂಬುದಕ್ಕೆ ಸಾಕ್ಷಿ ವಿಡಿಯೊ. ಇನ್ನೊಂದು ಎಚ್ಚರಿಕೆ: ಉಚಿತ ಖಾತೆ ತೆರೆದ ಯಾರು ಬೇಕಾದರೂ ತುಣುಕು ಮಾಡಿ ತಮಗಿಷ್ಟದ ತಲೆಬರಹ ಕೊಡಬಹುದು. 'ಯೂಸರ್ ಕ್ಲಿಪ್' ಎಂದಿದ್ದರೆ ಆ ತಲೆಬರಹ ಸಿ-ಸ್ಪ್ಯಾನ್ ಬರೆದದ್ದಲ್ಲ. ಮೂಲ ವಿಡಿಯೊಗೆ ಹೋಗಿ, ತುಣುಕಿನ ಹಿಂದು ಮುಂದಿನ ಎರಡೆರಡು ನಿಮಿಷ ನೋಡಿ.

ಬೆಳಗಿನ 'ವಾಷಿಂಗ್ಟನ್ ಜರ್ನಲ್' ಫೋನ್-ಇನ್ ಕಾರ್ಯಕ್ರಮಕ್ಕೆ ನಾನು ಅರ್ಧ ಅಂಕವಷ್ಟೇ ಕೊಡುತ್ತೇನೆ. ಡೆಮಾಕ್ರಟ್, ರಿಪಬ್ಲಿಕನ್, ಸ್ವತಂತ್ರರಿಗೆ ಬೇರೆ ಬೇರೆ ಫೋನ್ ಸಂಖ್ಯೆ. ಒಬ್ಬರು 30 ದಿನಕ್ಕೊಮ್ಮೆ ಮಾತ್ರ ಕರೆ ಮಾಡಬೇಕು. ನಿರೂಪಕರ ಸಹನೆ ಭೂಮಿತೂಕದ್ದು. ಆದರೆ 'ನಾನು ರಿಪಬ್ಲಿಕನ್, ಆದರೆ...' ಎಂದು ಶುರುಮಾಡುವವರನ್ನು ಪರೀಕ್ಷಿಸುವ ಉಪಾಯವಿಲ್ಲ. ಮಿಷಿಗನ್, ವರ್ಜೀನಿಯಾದಂಥ ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಈ ಕರೆಗಳನ್ನು ಜನಾಭಿಪ್ರಾಯ ಎಂದು ಬರೆಯುವ ಪತ್ರಕರ್ತ ಸೋಮಾರಿ. 2014ರಲ್ಲಿ ಎದುರುಬದುರು ಪಕ್ಷದ ಇಬ್ಬರು ಅಣ್ಣತಮ್ಮಂದಿರು ಕಚ್ಚಾಡುತ್ತಿದ್ದಾಗ ಅವರಮ್ಮನೇ ಕರೆ ಮಾಡಿ ಗದರಿದ್ದು ಮಾತ್ರ ಈಗಲೂ ನೋಡುವಂಥದ್ದು.

ಭಾರತದಿಂದ ನೋಡುವವರಿಗೆ: ವಾಷಿಂಗ್ಟನ್ ಬೇಸಿಗೆ ಗಡಿಯಾರದಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿ ಮಧ್ಯಾಹ್ನ 12ಕ್ಕೆ ಕೂಡುವ ಸಭೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 9.30. ವಾಹಿನಿಗಳ ಪೂರ್ಣ ನೇರಪ್ರಸಾರಕ್ಕೆ ಅಮೆರಿಕದ ಕೇಬಲ್ ಲಾಗಿನ್ ಕೇಳುತ್ತದೆ. ಸದನ, ವಿಚಾರಣೆ, ಶ್ವೇತಭವನದ ಪ್ರಸಾರಗಳು ಜಾಲತಾಣದಲ್ಲಿ ಲಾಗಿನ್ ಇಲ್ಲದೆ ಸಿಗುತ್ತವೆ. ಸೆನೆಟ್ ಪ್ರಸಾರದಲ್ಲಿ ಮಾತು ನಿಂತು ಶಾಸ್ತ್ರೀಯ ಸಂಗೀತ ಬಂದರೆ ಇಂಟರ್ನೆಟ್ ಕೆಟ್ಟಿದೆ ಎಂದು ರೂಟರ್ ಆರಿಸಬೇಡಿ. ಅದು 'ಕೋರಂ ಕಾಲ್', ಅಂದರೆ ಸದಸ್ಯರ ಹಾಜರಿ ಕರೆ. ಗುಮಾಸ್ತರು ನಿಧಾನವಾಗಿ ಹೆಸರು ಕರೆಯುತ್ತಿರುತ್ತಾರೆ, ನಾಯಕರು ಒಳಗೆ ಮಾತುಕತೆಯಲ್ಲಿರುತ್ತಾರೆ.

ಪ್ರತಿನಿಧಿ ಸಭೆಯ ಮತದಾನದ ಹೊತ್ತಿನಲ್ಲಿ ತೆರೆಯ ಮೇಲೆ ಪಕ್ಷವಾರು ಅಂಕಿ ಬರುತ್ತದೆ, ಹೆಸರು ಬರುವುದಿಲ್ಲ. 15 ನಿಮಿಷದ ಮತದಾನ ಎಂದಿದ್ದರೂ ಸ್ಪೀಕರ್ ಬಯಸಿದರೆ ಎಳೆಯಬಹುದು. 2003ರ ನವೆಂಬರ್‌ನಲ್ಲಿ ಮೆಡಿಕೇರ್ (ಮುಖ್ಯವಾಗಿ ವೃದ್ಧರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಔಷಧಿ ಮಸೂದೆಗೆ ನಸುಕಿನಲ್ಲಿ ಸುಮಾರು ಮೂರು ಗಂಟೆ ತೆರೆದಿಟ್ಟು, ಸೋಲುತ್ತಿದ್ದದ್ದನ್ನು 220-215ಕ್ಕೆ ಗೆಲ್ಲಿಸಿಕೊಂಡರು. ಯಾರು ಮನಸ್ಸು ಬದಲಿಸಿದರು ಎನ್ನುವುದೇ ಅಂದಿನ ಸುದ್ದಿ. ಅಂಥ ದಿನ ಸಿ-ಸ್ಪ್ಯಾನ್ ಒಂದು ಕಿಟಕಿಯಲ್ಲಿ ಇರಲಿ, ಇನ್ನೊಂದರಲ್ಲಿ ಪ್ರತಿನಿಧಿ ಸಭೆಯ ಕ್ಲರ್ಕ್ ಜಾಲತಾಣ ತೆರೆದಿಟ್ಟುಕೊಳ್ಳಿ. ಮತದಾನ ಮುಗಿದ ಸ್ವಲ್ಪ ಹೊತ್ತಿಗೆ ಹೆಸರುಗಳು ಅಲ್ಲಿ ಬರುತ್ತವೆ.